ದುಡ್ಡಿಲ್ಲದ್ದೆಲ್ಲ ಸ್ವತಂತ್ರವಲ್ಲ: ಎರಡು ಬಗೆಯ ತಂತ್ರಾಂಶಗಳ ಚರಿತ್ರೆ

ಗಣಕದ ಮುಂದೆ ಕುಳಿತವರ ಕಣ್ಣಿಗೆ ದಿನಕ್ಕೊಮ್ಮೆಯಾದರೂ ಬೀಳುವ ಇಂಗ್ಲಿಷ್ ಪದ 'ಫ್ರೀ'. ಈ ಒಂದು ಪದದ ಕೆಳಗೆ ಕನಿಷ್ಠ ಮೂರು ಬಗೆಯ ತಂತ್ರಾಂಶಗಳು ಸೇರಿಕೊಂಡಿವೆ. ಮೂವತ್ತು ದಿನ ಬಳಸಿ ನೋಡಿ, ಹಿಡಿಸಿದರೆ ಹಣ ಕೊಡಿ ಎನ್ನುವುದು ಒಂದು. ಇದಕ್ಕೆ ಷೇರ್‌ವೇರ್ ಎಂದು ಹೆಸರು. ಹಣವನ್ನು ಕೇಳದ, ಆದರೆ ಒಳಗೇನಿದೆ ಎಂಬುದನ್ನೂ ತೋರಿಸದ ಫ್ರೀವೇರ್ ಇನ್ನೊಂದು. ಮೂರನೆಯದು ಸ್ವತಂತ್ರ ತಂತ್ರಾಂಶ. ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಕಡೆಯ ವಿಜ್ಞಾನ ಶಿಕ್ಷಕರೊಬ್ಬರು ಒಮ್ಮೆ ನನ್ನನ್ನು ಕೇಳಿದರು: "ಸಾರ್, ಮೂರಕ್ಕೂ ನಾವು ದುಡ್ಡು ಕೊಡೋದಿಲ್ಲವಲ್ಲ, ನಮ್ಮ ಶಾಲೆಗೆ ಯಾವುದಾದರೇನು?" ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅದಕ್ಕೆ ಮೊದಲು ಒಂದು ಮಾತು. ಇಂಗ್ಲಿಷಿನವರಿಗೆ ಇರುವ ಗೊಂದಲ ಕನ್ನಡಿಗರಿಗೆ ಇರಬೇಕಾಗಿಲ್ಲ. ನಮ್ಮಲ್ಲಿ ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಹೀಗಿದ್ದೂ ನಮ್ಮ ಪತ್ರಿಕೆಗಳು ಬಹುಕಾಲ ಎರಡನ್ನೂ 'ಉಚಿತ ತಂತ್ರಾಂಶ' ಎಂದೇ ಬರೆದವು. 'ಉಚಿತ' ಎಂಬ ಪದಕ್ಕೆ ಮೂಲದಲ್ಲಿ 'ತಕ್ಕದ್ದು', 'ಯೋಗ್ಯವಾದದ್ದು' ಎಂಬ ಅರ್ಥ. ಅದು ಹೇಗೋ ಬೆಲೆಯಿಲ್ಲದ್ದು ಎಂಬ ಅರ್ಥಕ್ಕೆ ಬಂದು ನಿಂತಿದೆ; ಆ ವಿಚಾರವನ್ನು ಭಾಷಾತಜ್ಞರಿಗೆ ಬಿಡೋಣ.

ಬೆಲೆಯೇ ಇಲ್ಲದಿದ್ದ ಕಾಲ

ಮೊದಲ ತಲೆಮಾರಿನ ಗಣಕಗಳ ಕಾಲದಲ್ಲಿ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆಯೇ ಇರಲಿಲ್ಲ. ಕೊಠಡಿಯಷ್ಟು ದೊಡ್ಡ ಯಂತ್ರವನ್ನು ಕೊಂಡರೆ ಅಥವಾ ಬಾಡಿಗೆಗೆ ಪಡೆದರೆ ಅದರ ಜೊತೆಗೆ ಕ್ರಮವಿಧಿಗಳೂ ಬರುತ್ತಿದ್ದವು. ಸಾಲದ್ದನ್ನು ಬಳಕೆದಾರರೇ ಬರೆದುಕೊಳ್ಳುತ್ತಿದ್ದರು ಮತ್ತು ಒಬ್ಬರಿಗೊಬ್ಬರು ಕೊಡುತ್ತಿದ್ದರು. ಐ.ಬಿ.ಎಂ. ಯಂತ್ರಗಳ ಬಳಕೆದಾರರು 1955ರಲ್ಲಿ ಕಟ್ಟಿಕೊಂಡ ಸಂಘದ ಹೆಸರೇ 'ಷೇರ್', ಅಂದರೆ ಹಂಚಿಕೊ. 1969ರ ಜೂನ್‌ನಲ್ಲಿ ಐ.ಬಿ.ಎಂ. ತನ್ನ ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ಬೇರೆ ಬೇರೆ ಬೆಲೆ ಹಾಕುವುದಾಗಿ ಪ್ರಕಟಿಸಿತು. ತಂತ್ರಾಂಶ ಮಾರಾಟದ ಸರಕಾಗುವ ದಾರಿ ಅಲ್ಲಿಂದ ತೆರೆಯಿತು.

1975ರಲ್ಲಿ ಹವ್ಯಾಸಿಗಳ ಮನೆಗೇ ಗಣಕ ಬಂತು. ಆಲ್ಟೇರ್ ಎಂಬ ಆ ಪುಟ್ಟ ಯಂತ್ರಕ್ಕೆ ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಬೇಸಿಕ್ ಭಾಷೆಯನ್ನು ಅಳವಡಿಸಿದ್ದರು. ಹವ್ಯಾಸಿಗಳು ಅದರ ಕಾಗದದ ಸುರುಳಿಯನ್ನು ನಕಲು ಮಾಡಿ ಗೆಳೆಯರಿಗೆಲ್ಲ ಹಂಚಿದರು. 1976ರ ಫೆಬ್ರವರಿಯಲ್ಲಿ ಗೇಟ್ಸ್ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಇಟ್ಟುಕೊಂಡವರಲ್ಲಿ ಬೇಸಿಕ್ಕನ್ನು ಹಣ ಕೊಟ್ಟು ಕೊಂಡವರು ಶೇಕಡಾ ಹತ್ತಕ್ಕಿಂತ ಕಡಿಮೆ ಎಂಬುದು ಅವರ ದೂರು. ಕಷ್ಟಪಟ್ಟು ಬರೆದವನಿಗೆ ಕೂಲಿ ಬೇಡವೇ ಎಂಬುದು ಅವರ ಪ್ರಶ್ನೆ. ಆ ಪತ್ರವನ್ನು ಬೈಯುವವರು ಈಗಲೂ ಇದ್ದಾರೆ. ನನ್ನ ಮಟ್ಟಿಗೆ ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಮುಂದಿನ ಹತ್ತು ವರ್ಷಗಳಲ್ಲಿ ಹುಟ್ಟಿದ ಎರಡು ಭಿನ್ನ ಉತ್ತರಗಳೇ ಈ ಲೇಖನದ ವಿಷಯ.

ಫ್ಲಾಪಿಯ ಬೆನ್ನೇರಿ

ಐ.ಬಿ.ಎಂ. ತನ್ನ ವೈಯಕ್ತಿಕ ಗಣಕವನ್ನು 1981ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿತು. ಮರುವರ್ಷ ಕ್ಯಾಲಿಫೋರ್ನಿಯಾದ ಆಂಡ್ರೂ ಫ್ಲೂಗಲ್‌ಮನ್, ದೂರವಾಣಿಯ ಮೂಲಕ ಎರಡು ಗಣಕಗಳನ್ನು ಬೆಸೆಯುವ 'ಪಿಸಿ-ಟಾಕ್' ಎಂಬ ಕ್ರಮವಿಧಿ ಬರೆದರು. ಅದನ್ನು ಅಂಗಡಿಯಲ್ಲಿ ಮಾರಲು ಅವರಿಗೆ ಮನಸ್ಸಿರಲಿಲ್ಲ. ಅಮೆರಿಕದ ಸಾರ್ವಜನಿಕ ದೂರದರ್ಶನ ಕೇಂದ್ರಗಳು ವೀಕ್ಷಕರಿಂದ ದೇಣಿಗೆ ಕೇಳುತ್ತಿದ್ದುದು ಅವರ ಗಮನದಲ್ಲಿತ್ತು. ಯಾರು ಬೇಕಾದರೂ ನಕಲು ಮಾಡಿಕೊಳ್ಳಿ, ಪ್ರಯೋಜನ ಕಂಡರೆ 25 ಡಾಲರ್ ಕಳಿಸಿ ಎಂದು ಕ್ರಮವಿಧಿಯಲ್ಲೇ ಬರೆದರು. ಇದಕ್ಕೆ 'ಫ್ರೀವೇರ್' ಎಂದು ಹೆಸರಿಟ್ಟು ಆ ಹೆಸರನ್ನು ತಮ್ಮ ಸ್ವತ್ತಾಗಿ ಕಾದಿರಿಸಿಕೊಂಡರು. ಅದೇ ಹೊತ್ತಿಗೆ ಜಿಮ್ ನಾಫ್ ಎಂಬವರು 'ಪಿಸಿ-ಫೈಲ್' ಎಂಬ ದತ್ತಾಂಶ ನಿರ್ವಹಣೆಯ ಕ್ರಮವಿಧಿಯನ್ನು ಇದೇ ರೀತಿ ಹಂಚುತ್ತಿದ್ದರು. ಇಬ್ಬರಿಗೂ ಪರಸ್ಪರ ಪರಿಚಯವಾದದ್ದು ಆಮೇಲೆ.

'ಷೇರ್‌ವೇರ್' ಎಂಬ ಹೆಸರನ್ನು ಬಳಕೆಗೆ ತಂದವರು ಬಾಬ್ ವ್ಯಾಲೇಸ್. ಮೈಕ್ರೋಸಾಫ್ಟಿನ ಆರಂಭದ ದಿನಗಳ ನೌಕರರಾಗಿದ್ದ ಅವರು ಅಲ್ಲಿಂದ ಹೊರಬಂದು 1983ರಲ್ಲಿ 'ಪಿಸಿ-ರೈಟ್' ಎಂಬ ಪದಸಂಸ್ಕಾರಕವನ್ನು ಬಿಡುಗಡೆ ಮಾಡಿದರು. ಅವರ ಏರ್ಪಾಡು ಸ್ವಾರಸ್ಯವಾಗಿತ್ತು. 75 ಡಾಲರ್ ಕೊಟ್ಟು ನೋಂದಾಯಿಸಿಕೊಂಡವರ ಪ್ರತಿಗೆ ಒಂದು ಸಂಖ್ಯೆ ಸಿಗುತ್ತಿತ್ತು. ಆ ಪ್ರತಿಯನ್ನು ನಕಲು ಮಾಡಿಕೊಂಡ ಇನ್ನೊಬ್ಬರು ಹಣ ಕಟ್ಟಿ ನೋಂದಾಯಿಸಿದರೆ ಮೊದಲಿನವರಿಗೆ 25 ಡಾಲರ್ ಕಮಿಷನ್! ಗೇಟ್ಸ್ ಯಾವುದನ್ನು ಕಳವು ಎಂದರೋ ಅದನ್ನೇ ವ್ಯಾಲೇಸ್ ಮಾರಾಟದ ದಾರಿಯಾಗಿ ಮಾಡಿಕೊಂಡರು.

ಇದು ಏಕೆ ನಡೆಯಿತು ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಅಂಗಡಿಯಲ್ಲಿ ಮಾರುವ ತಂತ್ರಾಂಶಕ್ಕೆ ಪೆಟ್ಟಿಗೆ, ಜಾಹೀರಾತು, ವ್ಯಾಪಾರಿಯ ಪಾಲು ಎಲ್ಲವೂ ಬೇಕು. ಷೇರ್‌ವೇರಿನಲ್ಲಿ ಹಂಚಿಕೆಯ ಖರ್ಚನ್ನೆಲ್ಲ ಬಳಕೆದಾರರೇ ಹೊತ್ತುಕೊಳ್ಳುತ್ತಾರೆ. ನೂರು ಜನ ನಕಲು ಮಾಡಿಕೊಂಡು ನಾಲ್ವರು ಹಣ ಕಳಿಸಿದರೂ ಬರೆದವನಿಗೆ ಅದು ಬಹುಪಾಲು ಲಾಭವೇ. 1989ರ 'ಪಿಕೆಜಿಪ್', 1993ರ 'ಡೂಮ್' ಆಟ ಇವೆಲ್ಲ ಜಗತ್ತನ್ನು ಸುತ್ತಿದ್ದು ಹೀಗೆ. ಡೂಮ್‌ನ ಮೊದಲ ಭಾಗ ಎಲ್ಲರಿಗೂ ಸಿಗುತ್ತಿತ್ತು. ರುಚಿ ಹತ್ತಿದವರು ಮುಂದಿನ ಭಾಗಗಳಿಗೆ ಹಣ ತೆರುತ್ತಿದ್ದರು.

ನಮ್ಮಲ್ಲಿಗೆ ಇವು ಬಂದದ್ದು ಫ್ಲಾಪಿಗಳಲ್ಲಿ, ಆಮೇಲೆ 'ಚಿಪ್', 'ಡಿಜಿಟ್', 'ಪಿಸಿ ಕ್ವೆಸ್ಟ್'ನಂಥ ಪತ್ರಿಕೆಗಳಿಗೆ ಅಂಟಿಸಿದ ಸಿ.ಡಿ.ಗಳಲ್ಲಿ. ಒಂದು ಸಿ.ಡಿ.ಯಲ್ಲಿ ಸುಮಾರು 650 ಮೆಗಾಬೈಟ್. ಅದನ್ನು ಸೆಕೆಂಡಿಗೆ 56 ಕಿಲೋಬಿಟ್ ವೇಗದ ಮೋಡೆಮ್ಮಿನಲ್ಲಿ ಇಳಿಸಿಕೊಳ್ಳಲು ಎಷ್ಟು ಸಮಯ ಬೇಕು? ನೀವೇ ಭಾಗಿಸಿ ನೋಡಿ: ಎಲ್ಲೂ ತಡೆಯಿಲ್ಲದಿದ್ದರೂ ಇಪ್ಪತ್ತೈದು ಗಂಟೆಗೂ ಮೇಲೆ. ಅದೇ ಸಿ.ಡಿ. ಒಬ್ಬರ ಚೀಲದಲ್ಲಿ ಬೆಂಗಳೂರಿನಿಂದ ಹಿಂದೂಪುರದ ಪ್ಯಾಸೆಂಜರ್ ರೈಲು ಹತ್ತಿದರೆ ದೊಡ್ಡಬಳ್ಳಾಪುರ, ಮಾಕಳಿದುರ್ಗ ದಾಟಿ ಕೆಲವೇ ಗಂಟೆಗಳಲ್ಲಿ ತೊಂಡೇಬಾವಿಯಲ್ಲಿ ಇಳಿಯುತ್ತಿತ್ತು. ಆ ಕಾಲದ ನಮ್ಮ ಅತಿವೇಗದ ದತ್ತಾಂಶ ಜಾಲ ರೈಲ್ವೆ ಇಲಾಖೆಯದೇ ಆಗಿತ್ತೆಂದರೆ ತಪ್ಪಲ್ಲ.

ಆದರೆ 'ಬಳಸಿ ನೋಡಿ, ಆಮೇಲೆ ಕೊಡಿ' ಎಂಬುದರ ಎರಡನೆಯ ಅರ್ಧ ನಮ್ಮಲ್ಲಿ ಜರುಗುವುದು ಕಷ್ಟವಿತ್ತು. ಹಣ ಕೊಡುವ ಮನಸ್ಸಿದ್ದ ಹಳ್ಳಿಯ ಶಿಕ್ಷಕ 25 ಡಾಲರನ್ನು ಕಳಿಸುವುದಾದರೂ ಹೇಗೆ? ಕ್ರೆಡಿಟ್ ಕಾರ್ಡ್ ಇರಲಿಲ್ಲ, ವಿದೇಶಿ ವಿನಿಮಯದ ವಿಧಿವಿಧಾನಗಳು ಬೇರೆ. ಮೂವತ್ತು ದಿನ ಕಳೆದ ಮೇಲೆ ಒಂದೋ ಕ್ರಮವಿಧಿಯನ್ನು ಬಿಡಬೇಕು, ಇಲ್ಲವೇ ಯಾರೋ ಹೊಂಚಿ ತಂದ ನೋಂದಣಿ ಸಂಖ್ಯೆಯನ್ನು ಹಾಕಬೇಕು. ಎಷ್ಟೋ ಜನ ಎರಡನೆಯದನ್ನೇ ಮಾಡಿದರು. ಮಕ್ಕಳ ಎದುರಿಗೇ ಮಾಡಿದರು ಎಂಬುದು ಶಿಕ್ಷಕರಾದ ನಾವು ಯೋಚಿಸಬೇಕಾದ ಸಂಗತಿ.

ಅವಧಿ ಮುಗಿದದ್ದು ಕ್ರಮವಿಧಿಗೆ ಹೇಗೆ ಗೊತ್ತಾಗುತ್ತದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅದರಲ್ಲಿ ಮಾಯೆಯೇನಿಲ್ಲ. ಮೊದಲ ಬಾರಿ ಓಡಿದ ದಿನಾಂಕವನ್ನು ಅದು ಗಣಕದ ಯಾವುದೋ ಮೂಲೆಯಲ್ಲಿ ಬರೆದಿಡುತ್ತದೆ. ಪ್ರತಿ ಸಲವೂ ಇಂದಿನ ದಿನಾಂಕದಿಂದ ಅದನ್ನು ಕಳೆಯುತ್ತದೆ. ಕೆಲವು ತಂತ್ರಾಂಶಗಳು ಬಾಗಿಲು ಹಾಕಿಬಿಡುತ್ತವೆ. ಕೆಲವು ಉಳಿಸುವ ಅಥವಾ ಮುದ್ರಿಸುವ ಸೌಲಭ್ಯವನ್ನಷ್ಟೇ ಕಿತ್ತುಕೊಂಡು ಹಲ್ಲು ಕಿತ್ತ ಹಾವಿನಂತಾಗುತ್ತವೆ. ವಿನ್‌ರಾರ್‌ನಂಥದು ನಲವತ್ತು ದಿನದ ಬಳಿಕವೂ ಓಡುತ್ತ, ಹಣ ಕೊಡಿ ಎಂದು ಗೊಣಗುತ್ತಲೇ ಇರುತ್ತದೆ.

ಮುದ್ರಕದಲ್ಲಿ ಕಾಗದ ಸಿಕ್ಕಿಕೊಂಡಾಗ

ಎರಡನೆಯ ಉತ್ತರ ಹುಟ್ಟಿದ್ದು ಅಮೆರಿಕದ ಇನ್ನೊಂದು ತುದಿಯಲ್ಲಿ, ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆ ಪ್ರಯೋಗಶಾಲೆಯಲ್ಲಿ. 1980ರ ಸುಮಾರಿಗೆ ಆ ಶಾಲೆಗೆ ಜೆರಾಕ್ಸ್ ಕಂಪನಿ ಲೇಸರ್ ಮುದ್ರಕವೊಂದನ್ನು ಕೊಟ್ಟಿತು. ಅದರಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಮುದ್ರಕಕ್ಕೂ ಇದೇ ರೋಗವಿತ್ತು. ಆಗ ರಿಚರ್ಡ್ ಸ್ಟಾಲ್‌ಮನ್ ಅದರ ಕ್ರಮವಿಧಿಯನ್ನು ತಿದ್ದಿ, ಕಾಗದ ಸಿಕ್ಕಿದೊಡನೆ ಬಳಕೆದಾರರಿಗೆ ಸಂದೇಶ ಹೋಗುವಂತೆ ಮಾಡಿದ್ದರು. ಹೊಸ ಮುದ್ರಕಕ್ಕೂ ಹಾಗೆ ಮಾಡೋಣವೆಂದರೆ ಆಕರ ಸಂಕೇತವೇ ಇಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರ ಬಳಿ ಅದಿದೆಯೆಂದು ತಿಳಿದು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡಿರುವುದಾಗಿ ಹೇಳಿ ನಿರಾಕರಿಸಿದರು.

ಇಲ್ಲಿ ಆಕರ ಸಂಕೇತವೆಂದರೇನು ಎಂಬುದನ್ನು ಸ್ಪಷ್ಟಪಡಿಸಬೇಕು. ಕ್ರಮವಿಧಿಯನ್ನು ಮನುಷ್ಯರು ಬರೆಯುವುದು ಸಿ, ಪೈಥಾನ್ ಮೊದಲಾದ ಭಾಷೆಗಳಲ್ಲಿ. ಸಿ ಭಾಷೆಯಲ್ಲಿ ಬರೆದದ್ದನ್ನು ಅನುವಾದಕವೊಂದು ಯಂತ್ರಕ್ಕೆ ತಿಳಿಯುವ ಅಂಕಿಗಳಾಗಿ ಮಾರ್ಪಡಿಸುತ್ತದೆ. ಮಾರಾಟಕ್ಕೆ ಬರುವುದು ಸಾಮಾನ್ಯವಾಗಿ ಆ ಅಂಕಿಗಳು ಮಾತ್ರ. ಮನೆಯಲ್ಲಿ ಮಾಡಿದ ಹುಳಿಪುಡಿಯಿಂದ ಹುಳಿ ಮಾಡಬಹುದು. ಆದರೆ ಪುಡಿಯನ್ನು ನೋಡಿ ಧನಿಯಾ ಎಷ್ಟು, ಮೆಂತ್ಯ ಎಷ್ಟು, ಯಾವುದನ್ನು ಎಷ್ಟು ಹುರಿದರು ಎಂದು ಹೇಳುವುದು ಬಹಳ ಕಷ್ಟ. ಆಕರ ಸಂಕೇತ ಆ ಪುಡಿಯ ಪಾಕವಿಧಾನ.

ಸ್ಟಾಲ್‌ಮನ್ 1983ರ ಸೆಪ್ಟೆಂಬರ್ 27ರಂದು, ಅಂದರೆ ಪಿಸಿ-ರೈಟ್ ಬಂದ ವರ್ಷವೇ, 'ಗ್ನು' ಎಂಬ ಯೋಜನೆಯನ್ನು ಪ್ರಕಟಿಸಿದರು. ಇಡೀ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಬರೆದು ಎಲ್ಲರಿಗೂ ಬಿಟ್ಟುಕೊಡುವುದು ಅದರ ಗುರಿ. 1985ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಸ್ಥಾಪನೆಯಾಯಿತು. ಯಾವ ಉದ್ದೇಶಕ್ಕಾದರೂ ಬಳಸುವುದು, ಒಳಗೆ ನೋಡಿ ಕಲಿತು ಬದಲಾಯಿಸುವುದು, ನಕಲುಗಳನ್ನು ಹಂಚುವುದು, ಬದಲಾಯಿಸಿದ್ದನ್ನೂ ಹಂಚುವುದು ಇವು ಅವರು ಹೇಳಿದ ನಾಲ್ಕು ಸ್ವಾತಂತ್ರ್ಯಗಳು. ಗಣಕದವರ ಪದ್ಧತಿಯಂತೆ ಅವರು ಇವನ್ನು ಸೊನ್ನೆಯಿಂದ ಎಣಿಸುತ್ತಾರೆ.

ಇವುಗಳಲ್ಲಿ ಬೆಲೆಯ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಸ್ಟಾಲ್‌ಮನ್ ತಮ್ಮ 'ಈಮ್ಯಾಕ್ಸ್' ಸಂಪಾದಕದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಜಾಲದಿಂದ ಇಳಿಸಿಕೊಳ್ಳಬಲ್ಲವರು ಹಾಗೆಯೇ ಪಡೆಯಬಹುದಿತ್ತು. ಇಲ್ಲಿ ಎರಡೂ ಪದ್ಧತಿಗಳು ಒಂದಕ್ಕೊಂದು ತಲೆಕೆಳಗಾಗಿ ನಿಲ್ಲುತ್ತವೆ. ಷೇರ್‌ವೇರಿನಲ್ಲಿ ಪ್ರತಿಗೆ ಬೆಲೆಯಿಲ್ಲ, ಬಳಕೆಗೆ ಬೆಲೆಯಿದೆ. ಸ್ವತಂತ್ರ ತಂತ್ರಾಂಶದಲ್ಲಿ ಪ್ರತಿಗೆ ಬೆಲೆಯಿದ್ದರೂ ಇರಬಹುದು, ಆದರೆ ಕೈಗೆ ಬಂದ ಮೇಲೆ ಬಳಕೆಗೆ ಯಾರೂ ಹಣ ಕೇಳುವಂತಿಲ್ಲ.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ಕೊಡುವುದಾದರೆ, ಷೇರ್‌ವೇರ್ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಂತೆ. ರೀಲರು ಗೂಡನ್ನು ಕೈಯಲ್ಲಿ ಹಿಡಿದು, ಒತ್ತಿ, ಅಲುಗಿಸಿ ನೋಡಬಹುದು. ಒಪ್ಪಿದರೆ ಹರಾಜು ಕೂಗಬೇಕು, ಒಪ್ಪದಿದ್ದರೆ ಮುಂದಕ್ಕೆ ಹೋಗಬೇಕು. ಸ್ವತಂತ್ರ ತಂತ್ರಾಂಶ ರಾಗಿಯ ಬೀಜದಂತೆ. ರಾಗಿ ಸ್ವಪರಾಗಸ್ಪರ್ಶದ ಬೆಳೆಯಾದ್ದರಿಂದ ಈ ವರ್ಷದ ತೆನೆಯನ್ನೇ ಮುಂದಿನ ವರ್ಷಕ್ಕೆ ಬಿತ್ತಬಹುದು. ನೆರೆಯವನಿಗೆ ಸೇರು ಬೀಜವನ್ನು ದುಡ್ಡಿಗೂ ಕೊಡಬಹುದು, ಹಾಗೆಯೇ ಕೊಡಬಹುದು. ಅವನು ಅದರಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ ತನ್ನದೇ ತಳಿ ಮಾಡಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ.

ಹೀಗೆ ಬಿಟ್ಟುಕೊಟ್ಟದ್ದನ್ನು ಯಾರೋ ಎತ್ತಿಕೊಂಡು ಬೀಗ ಹಾಕಿದರೆ? ಇದಕ್ಕೆ ಸ್ಟಾಲ್‌ಮನ್ ಹುಡುಕಿದ ಉಪಾಯ ಚತುರವಾದದ್ದು. ಅವರು ಕೃತಿಸ್ವಾಮ್ಯದ ಹಕ್ಕನ್ನು ಬಿಟ್ಟುಕೊಡಲಿಲ್ಲ. ಅದನ್ನು ಕೈಯಲ್ಲಿಟ್ಟುಕೊಂಡು, ಇದನ್ನು ಬದಲಾಯಿಸಿ ಹಂಚುವವರು ಅದೇ ಸ್ವಾತಂತ್ರ್ಯಗಳನ್ನು ಮುಂದಿನವರಿಗೂ ಕೊಡಬೇಕು ಎಂಬ ಷರತ್ತು ಹಾಕಿದರು. ಇದೇ 1989ರಲ್ಲಿ ಮೊದಲು ಬಂದ 'ಜಿ.ಪಿ.ಎಲ್.' ಪರವಾನಗಿ. 1991ರಲ್ಲಿ ಎರಡನೆಯ, 2007ರಲ್ಲಿ ಮೂರನೆಯ ಆವೃತ್ತಿಗಳು ಬಂದವು. ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸ್‌ನ ಮೊದಲ ಪರವಾನಗಿಯಲ್ಲಿ ಹಣಕ್ಕೆ ಮಾರಬಾರದೆಂಬ ನಿಬಂಧನೆಯಿತ್ತು. 1992ರಲ್ಲಿ ಅದನ್ನು ಕೈಬಿಟ್ಟು ಜಿ.ಪಿ.ಎಲ್. ಒಪ್ಪಿಕೊಂಡರು. ಆಮೇಲೆಯೇ ಕಂಪನಿಗಳು ಲಿನಕ್ಸ್ ಸಿ.ಡಿ.ಗಳನ್ನು ಮಾರುವುದು ಸಾಧ್ಯವಾಯಿತು.

ಭೌತವಿಜ್ಞಾನಿಗೆ ಇದರಿಂದೇನು?

ಪ್ರಶ್ನೆ ಹಾಕದೆ ಯಾವುದನ್ನೂ ಒಪ್ಪಬಾರದೆಂದು ವಿದ್ಯಾರ್ಥಿಗಳಿಗೆ ಜೀವನಪರ್ಯಂತ ಹೇಳಿದ ಡಾ. ಎಚ್. ನರಸಿಂಹಯ್ಯನವರು (1920–2005) ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, ಭೌತವಿಜ್ಞಾನದ ಪ್ರಾಧ್ಯಾಪಕರು. ಅದೇ ಗೌರಿಬಿದನೂರಿನ ಬಳಿ 1976ರಿಂದ ಕೆಲಸ ಮಾಡಿದ 34.5 ಮೆಗಾಹರ್ಟ್ಸ್ ರೇಡಿಯೋ ದೂರದರ್ಶಕ, ಒಂದು ಸಾವಿರ ದ್ವಿಧ್ರುವ ಆಂಟೆನಾಗಳಿಂದ ಆಕಾಶದ ನಕ್ಷೆ ಬರೆಯಿತು. ಆ ಆವೃತ್ತಿಯಲ್ಲಿ ತರಂಗದೂರ ಸುಮಾರು 8.7 ಮೀಟರ್. ಆಂಟೆನಾಗಳ ಸಂಕೇತಗಳಿಂದ ನಕ್ಷೆ ಮೂಡುವವರೆಗೆ ಮಧ್ಯೆ ಇರುವುದೆಲ್ಲ ಗಣಿತ, ಅಂದರೆ ಕ್ರಮವಿಧಿ. ಅದರಲ್ಲಿ ಒಂದು ಚಿಹ್ನೆ ತಪ್ಪಿದರೆ ಇಲ್ಲದ ನಕ್ಷತ್ರ ಹುಟ್ಟಬಹುದು. ಆದ್ದರಿಂದಲೇ ರೇಡಿಯೋ ಖಗೋಳಜ್ಞರು ಬಳಸುವ 'ಏಪ್ಸ್'ನಂಥ ತಂತ್ರಾಂಶಗಳು ಆಕರ ಸಂಕೇತದೊಂದಿಗೇ ಹಂಚಿಕೆಯಾಗುತ್ತ ಬಂದಿವೆ.

ನಾವು ತರಗತಿಯಲ್ಲಿ ಬಳಸುವ ಉಪಕರಣಗಳೂ ಹಾಗೆಯೇ. ಸಮೀಕರಣಗಳನ್ನು ಅಂದವಾಗಿ ಮುದ್ರಿಸುವ 'ಟೆಕ್' ತಂತ್ರಾಂಶವನ್ನು 1978ರಲ್ಲಿ ಡೊನಾಲ್ಡ್ ನೂತ್ ಎಲ್ಲರಿಗೂ ಕೊಟ್ಟರು. ಅದರ ಆವೃತ್ತಿಯ ಸಂಖ್ಯೆ 3.14, 3.141 ಎಂದು ಪೈ ಬೆಲೆಯ ಕಡೆಗೆ ಸಾಗುತ್ತಿರುವುದು ನಿಮಗೆ ಗೊತ್ತಿರಬಹುದು. ನಕ್ಷೆ ಎಳೆಯುವ 'ಗ್ನುಪ್ಲಾಟ್' 1986ರದು. ಹೆಸರಿನಲ್ಲಿ ಗ್ನು ಇದ್ದರೂ ಅದು ಗ್ನು ಯೋಜನೆಗೆ ಸೇರಿದ್ದಲ್ಲ, ಪರವಾನಗಿಯೂ ಬೇರೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ರೂಪಿಸಿದ 'ಫೀನಿಕ್ಸ್', ಅನಂತರದ 'ಎಕ್ಸ್‌ಪ್‌ಐಸ್' ಪ್ರಯೋಗ ಪೆಟ್ಟಿಗೆಗಳಲ್ಲಿ ಪೈಥಾನ್ ಕ್ರಮವಿಧಿಯಷ್ಟೇ ಅಲ್ಲ, ಮಂಡಲದ ನಕ್ಷೆಯೂ ಬಹಿರಂಗ. ಲೋಲಕದ ಆವರ್ತಕಾಲ ಅಳೆಯುವಾಗ ಪೆಟ್ಟಿಗೆ ತೋರಿದ ಅಂಕಿ ಎಲ್ಲಿಂದ ಬಂತೆಂದು ವಿದ್ಯಾರ್ಥಿ ಕೇಳಿದರೆ ತೆರೆದು ತೋರಿಸಬಹುದು.

ಬೆಂಗಳೂರಿನಲ್ಲೂ ಒಂದು ದೊಡ್ಡ ಪ್ರಯತ್ನ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮೊದಲಾದವರು ರೂಪಿಸಿದ ಅಂಗೈಯಗಲದ 'ಸಿಂಪ್ಯೂಟರ್' 2001ರಲ್ಲಿ ಬೆಳಕಿಗೆ ಬಂತು. ಅದು ಲಿನಕ್ಸಿನಲ್ಲಿ ಓಡುತ್ತಿತ್ತು. ಜಿ.ಪಿ.ಎಲ್.ನ ಮಾದರಿಯಲ್ಲಿ ಯಂತ್ರಾಂಶದ ವಿನ್ಯಾಸಕ್ಕೂ ಒಂದು ಸಾರ್ವಜನಿಕ ಪರವಾನಗಿಯನ್ನು ಬರೆದದ್ದು ಅದರ ಹೆಚ್ಚುಗಾರಿಕೆ. 2004ರಲ್ಲಿ ಬಿ.ಇ.ಎಲ್. ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತಾದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಪರವಾನಗಿ ಒಳ್ಳೆಯದಾಗಿದ್ದ ಮಾತ್ರಕ್ಕೆ ವಸ್ತು ಗೆಲ್ಲುವುದಿಲ್ಲ.

ಕನ್ನಡ ಅಕ್ಷರಗಳ ಪಾಡು

ತೊಂಡೇಬಾವಿಯ ಶಿಕ್ಷಕರ ಪ್ರಶ್ನೆಗೆ ನೇರವಾದ ಉತ್ತರ ಇರುವುದು ಕನ್ನಡ ತಂತ್ರಾಂಶಗಳ ಇತಿಹಾಸದಲ್ಲಿ. 1990ರ ದಶಕದಲ್ಲಿ ಗಣಕದಲ್ಲಿ ಕನ್ನಡ ಬರೆಯಬೇಕೆಂದರೆ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದವನ್ನು ಹಣ ಕೊಟ್ಟು ಕೊಳ್ಳಬೇಕಿತ್ತು. ಮುದ್ರಣಾಲಯಗಳಿಗೆ ಅದು ಸಾಧ್ಯ, ಶಾಲೆಗಳಿಗೆ ಅಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಸರಳ ಕೀಲಿಮಣೆ ವಿನ್ಯಾಸ ಮತ್ತು ಹಣ ಕೇಳದೆ ಹಂಚಿದ 'ಸೇಡಿಯಾಪು' ತಂತ್ರಾಂಶ ಹೊಸ ದಾರಿ ತೋರಿದವು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ'ವನ್ನು ಬಿಡುಗಡೆ ಮಾಡಿದರು. 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ಸರ್ಕಾರದ ಮೂಲಕ ನಾಡಿಗೆಲ್ಲ ಹಂಚಿಕೆಯಾಯಿತು. ಅದರ ಕೀಲಿಮಣೆಯೂ ಕೆ.ಪಿ. ರಾವ್ ವಿನ್ಯಾಸವನ್ನೇ ಆಧರಿಸಿತ್ತು. ಇವೆರಡೂ ಮಾಡಿದ ಉಪಕಾರ ಸಣ್ಣದಲ್ಲ. ನಮ್ಮ ಕಚೇರಿಗಳು, ಶಾಲೆಗಳು, ಪರದೇಶದ ಕನ್ನಡ ಕುಟುಂಬಗಳು ಗಣಕದಲ್ಲಿ ಕನ್ನಡ ಬರೆಯಲು ಕಲಿತದ್ದು ಇವುಗಳಿಂದ.

ಆದರೆ ನಾವು ಮೊದಲು ಮಾಡಿದ ವಿಂಗಡಣೆಯಲ್ಲಿ ಇವು ಬರುವುದು ಎರಡನೆಯ ಗುಂಪಿಗೆ. ಜನರ ಕೈಗೆ ಬಂದದ್ದು ಓಡಿಸುವ ಕಡತ, ಆಕರ ಸಂಕೇತವಲ್ಲ. ಬರಹದ ಮೊದಲ ಆವೃತ್ತಿಗಳು ಹಣವಿಲ್ಲದೆ ಸಿಗುತ್ತಿದ್ದವು. ಅನಂತರದ ಆವೃತ್ತಿಗಳು ಕೆಲಕಾಲ ಬಳಸಿ ನೋಡಿ ಹಣ ಕಟ್ಟುವ ಪದ್ಧತಿಗೆ ಬದಲಾದವು. ಇದರಲ್ಲಿ ತಪ್ಪೆನ್ನುವಂಥದು ಏನೂ ಇಲ್ಲ. ವರ್ಷಗಟ್ಟಲೆ ದುಡಿದವರು ತಮ್ಮ ದುಡಿಮೆಗೆ ಬೆಲೆ ಕೇಳುವುದು ಅವರ ಹಕ್ಕು. ನಾನು ಹೇಳಬೇಕಾದದ್ದು ಇಷ್ಟೇ: ಹಣವಿಲ್ಲದೆ ಬಂದ ತಂತ್ರಾಂಶದ ಮುಂದಿನ ಹೆಜ್ಜೆಯನ್ನು ಅದರ ಒಡೆಯರು ನಿರ್ಧರಿಸುತ್ತಾರೆ, ಬಳಸುವವರಲ್ಲ. ಸ್ವತಂತ್ರ ತಂತ್ರಾಂಶದ ಲೇಖಕರು ನಾಳೆ ಬೆಲೆ ಹಾಕಿದರೂ, ಕೆಲಸ ನಿಲ್ಲಿಸಿದರೂ, ಇಂದಿನ ಆವೃತ್ತಿಯನ್ನು ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸಬಹುದು. ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಅಂಥ ಪರವಾನಗಿಯಲ್ಲಿ ಬಂದಿವೆ. 2010ರ ದಶಕದಲ್ಲಿ ರಾಜ್ಯದ ಶಿಕ್ಷಣ ಇಲಾಖೆಯ ಜೊತೆ ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು ಉಬುಂಟು ಬಳಸಲು ಕಲಿತರು. ನಿಮ್ಮಲ್ಲಿ ಹಲವರು ಅಲ್ಲಿದ್ದಿರಬಹುದು.

ಇನ್ನೊಂದು ತೊಡಕು ಕಡತಗಳದು. ನುಡಿಯ ಹಳೆಯ ಫಾಂಟುಗಳಲ್ಲಿ 'ಕನ್ನಡ' ಎಂದು ಬರೆದ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಏನು ಗೊತ್ತೇ? ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನರ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೊಮ್ಮೆ ಎ. ಒಟ್ಟು ಏಳು ಸಂಕೇತಗಳು. ಅವು ಅಕ್ಷರಗಳಲ್ಲ, ಅಕ್ಷರಗಳ ಚೂರುಗಳು. ಯೂನಿಕೋಡ್ ವ್ಯವಸ್ಥೆಯಲ್ಲಿ ಅದೇ ಪದ ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳಾಗಿ ಉಳಿಯುತ್ತದೆ ಮತ್ತು ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಓದಿಸಿಕೊಳ್ಳುತ್ತದೆ. ನುಡಿಯೂ ಬರಹವೂ ಆಮೇಲೆ ಯೂನಿಕೋಡನ್ನು ಅಳವಡಿಸಿಕೊಂಡವು. ಆದರೆ ಅದಕ್ಕೆ ಮೊದಲು ಬೆರಳಚ್ಚಾದ ಪ್ರಶ್ನಪತ್ರಿಕೆ, ನಡಾವಳಿ, ಪ್ರಬಂಧ, ಪುಸ್ತಕಗಳ ರಾಶಿ ಹಳೆಯ ಸಂಕೇತದಲ್ಲೇ ಇದೆ.

ಇವನ್ನು ಬದಲಿಸಿಕೊಡುವ ಪರಿವರ್ತಕಗಳು ಈಗ ಆಕರ ಸಂಕೇತದೊಂದಿಗೇ ಸಿಗುತ್ತವೆ. ಪೈಥಾನ್ ಕಲಿಯುತ್ತಿರುವ ವಿದ್ಯಾರ್ಥಿಗಳಿದ್ದರೆ ಅಂಥ ಒಂದನ್ನು ತೆರೆದು ಓದಿಸಿ. ಕಠಿಣವಾದ ಭಾಗ ಅರ್ಕಾವತ್ತು. ಹಳೆಯ ಫಾಂಟುಗಳಲ್ಲಿ ಅದು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ವ್ಯಂಜನಕ್ಕೆ ಮೊದಲು ಬರಬೇಕು. ಹಾಗಾಗಿ ಪರಿವರ್ತಕ ಹಿಂದಕ್ಕೆ ನಡೆದು ಸರಿಯಾದ ಜಾಗ ಹುಡುಕಬೇಕು. 'ಸೂರ್ಯ', 'ಸಾಮರ್ಥ್ಯ', 'ರ‍್ಯಾಂಕ್' ಈ ಮೂರು ಪದಗಳನ್ನು ಕೊಟ್ಟು ನೋಡಿ. ಮೂರರಲ್ಲಿ ಯಾವುದಾದರೂ ತಪ್ಪಾಗಿ ಬಂದರೆ ಯಾವ ಸಾಲಿನಲ್ಲಿ ದೋಷವಿದೆಯೆಂದು ಹುಡುಕಿ ತಿದ್ದುವುದನ್ನು ಅವರಿಗೇ ಬಿಡಿ.